ಬೇಸಿಗೆಯಲ್ಲಿ ಕಾಣುವ ಹಸ್ತ

ನಮ್ಮ ವಿಜಯಪುರದ ಕಡೆ ಹಸ್ತ ಎಂದರೆ ಮೊದಲು ಮಳೆ, ಆಮೇಲೆ ನಕ್ಷತ್ರ. ಸೆಪ್ಟೆಂಬರ್ 27ರ ಆಸುಪಾಸು ಹಸ್ತ ಮಳೆ ಕೂಡುತ್ತದೆ. ಎರಿ ಹೊಲಕ್ಕೆ ಹಿಂಗಾರಿ ಜೋಳ ಬಿತ್ತುವವರು ಆಗ ಮುಗಿಲು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ಆದರೆ ಹಸ್ತದ ಚುಕ್ಕಿಗಳು ಆ ಮುಗಿಲಲ್ಲಿ ಕಾಣುವುದೇ ಇಲ್ಲ. ಮೋಡ ಸರಿದರೂ ಅಷ್ಟೇ.

ಅವು ಚೆನ್ನಾಗಿ ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ. ಸೆಕೆ ತಾಳಲಾರದೆ ಜನ ಹಾಸಿಗೆ ಹೊತ್ತು ಮಾಳಿಗೆ ಏರುವ ಕಾಲ. ಊಟ ಮುಗಿಸಿ ದಕ್ಷಿಣಕ್ಕೆ ಮುಖ ಮಾಡಿ. ನೆತ್ತಿಗೂ ನೆಲದಂಚಿಗೂ ನಡುವೆ ನಾಲ್ಕು ಚುಕ್ಕಿ, ಪಕ್ಕದಲ್ಲಿ ಮಬ್ಬಾದ ಐದನೆಯದು. ಐದೂ ಸೇರಿ ಕೈ ಅಂತೆ. ನನಗಂತೂ ಬೆರಳು ಕಾಣುವುದಿಲ್ಲ. ಕಾಲು ಸೊಟ್ಟಗಾದ ಹೊರಸಿನ ಹಾಗೆ ಕಾಣುತ್ತದೆ. ಮೇಲಿನ ಎರಡು ಚುಕ್ಕಿಗಳ ಗೆರೆಯನ್ನು ಎಡಕ್ಕೆ ಎಳೆದರೆ ಹೊಳೆಯುವ ಚಿತ್ತಾ ಸಿಗುತ್ತದೆ. ಮಳೆ ಲೆಕ್ಕದಲ್ಲೂ ಹಸ್ತದ ಮುಂದಿನದು ಚಿತ್ತಿಯೇ.

ಗುಟ್ಟು ಇಷ್ಟೇ. ಮಳೆ ನಕ್ಷತ್ರ ಎಂದರೆ ರಾತ್ರಿ ಕಾಣುವುದಲ್ಲ, ಆ ದಿನಗಳಲ್ಲಿ ಸೂರ್ಯ ಬಿಡಾರ ಹೂಡಿರುವುದು. ಸೂರ್ಯನ ವರ್ಷದ ದಾರಿಯನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ 13-14 ದಿನ ಬರುತ್ತದೆ. ಅವನ ಜೊತೆಗೇ ಮೂಡಿ ಅವನ ಜೊತೆಗೇ ಮುಳುಗುವ ಚುಕ್ಕಿ ಯಾರ ಕಣ್ಣಿಗೆ ಬೀಳಬೇಕು? ನವೆಂಬರಿನ ಬೆಳಗಿನ ಜಾವ ಅದು ಪೂರ್ವಕ್ಕೆ ತಲೆ ಎತ್ತುವಷ್ಟರಲ್ಲಿ ಜೋಳ ಮೊಳಕೆ ದಾಟಿರುತ್ತದೆ. ಕಾಣದ ಚುಕ್ಕಿಯ ಲೆಕ್ಕ ಹಿಡಿದು ಬೀಜ ಚೆಲ್ಲಬೇಕೆಂದರೆ ಧೈರ್ಯ ಬೇಕು, ಅಲ್ವಾ?

ಪಕ್ಕದ ಮನೆಯ ಕಾಕಾಗೆ ಮೇ ತಿಂಗಳಲ್ಲಿ ಒಮ್ಮೆ ತೋರಿಸಿದೆ. "ಈಗ್ಯಾಕ ಬಂದೈತಿ ಅದು? ಹಿಂಗಾರಿಗೆ ಬಾ ಅನ್ನು" ಎಂದು ಮಗ್ಗುಲು ಬದಲಿಸಿದರು.

ಗ್ರೀಕರಿಗೆ ಇದೇ ಚುಕ್ಕಿಗಳು ಕಾಗೆ. ಅವರ ದೇವರು ಅಪೊಲೊ ನೀರು ತಾ ಎಂದು ಬಟ್ಟಲು ಕೊಟ್ಟು ಕಳಿಸಿದರೆ, ಅದು ಅಂಜೂರ ಹಣ್ಣಾಗಲಿ ಎಂದು ಗಿಡದ ಮೇಲೆ ಕಾದು ಕೂತಿತಂತೆ. ತಡವಾಗಿ ಬಂದು, ಹಾವು ಅಡ್ಡ ಬಂತು ಎಂದು ಸುಳ್ಳು ಬೇರೆ. ಸಿಟ್ಟಿಗೆದ್ದ ಅಪೊಲೊ ಕಾಗೆ, ಹಾವು, ಬಟ್ಟಲು ಮೂರನ್ನೂ ಆಕಾಶಕ್ಕೆ ಎಸೆದ. ಬಟ್ಟಲು ಪಕ್ಕದಲ್ಲೇ ಇದೆ, ಕಾಗೆ ಕುಡಿಯುವ ಹಾಗಿಲ್ಲ. ಮಾಳಿಗೆ ಮೇಲಿನ ನಮಗೆ ಈ ಕಥೆಯೇ ಜಾಸ್ತಿ ಒಪ್ಪುತ್ತದೆ. ಕೆಳಗೆ ಅಂಗಳದಲ್ಲಿ ನಲ್ಲಿ ಇದೆ, ನೀರು ಯಾವತ್ತು ಬಿಡುತ್ತಾರೋ ಯಾವ ಪಂಚಾಂಗದಲ್ಲೂ ಬರೆದಿಲ್ಲ.