ಅಮಿನದಿವಿ ಎಂಬ ಹೆಸರು ನಕ್ಷೆಯಲ್ಲಿ ಇರಬೇಕೇ?

ಪರ

ಪೊನ್ನಂಪೇಟೆ ಕಡೆಯ ಹಿರಿಯರನ್ನು ಮಾತಾಡಿಸಿ ನೋಡಿ. ಕಾಗದದಲ್ಲಿ ತಾಲ್ಲೂಕಿನ ಹೆಸರಿದ್ದರೂ ಅವರ ಬಾಯಲ್ಲಿ ಇಂದಿಗೂ ಹಳೆಯ ಹೆಸರಾದ ಕಿಗ್ಗಟ್ಟು ನಾಡೇ. ಅಂಥ ಕೊಡಗಿನ ಶಾಲೆಗಳ ಗೋಡೆನಕ್ಷೆಯಲ್ಲಿ ಅರಬ್ಬಿ ಸಮುದ್ರದ ಮೇಲೆ ಸುಮ್ನೆ ‘ಲಕ್ಷದ್ವೀಪ’ ಅಂತ ಒಂದೇ ಹೆಸರಿದ್ದು, ಅದರ ಉತ್ತರದ ಗುಂಪಾದ ಅಮಿನದಿವಿಯ ಹೆಸರು ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ದಿನ ‘ಲಕ್ಕದಿವಿ, ಮಿನಿಕಾಯ್ ಮತ್ತು ಅಮಿನದಿವಿ ದ್ವೀಪಗಳು’ ಎಂಬ ಉದ್ದನೆಯ ಹೆಸರು ಹೋಗಿ ಲಕ್ಷದ್ವೀಪ ಬಂತು. ಹೇಳಲು ಸುಲಭ, ನಿಜ. ಆದರೆ ಲಕ್ಷ ಎಲ್ಲಿದೆ? ಎಣಿಸಿದರೆ 36, ಜನ ಇರುವುದು ಹತ್ತರಲ್ಲಿ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ. ಈ ಅಮಿನದಿವಿ ಗುಂಪು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಸಂಪಾಜೆ ಘಾಟಿ ಇಳಿದರೆ ನಮಗೆ ಸಿಗುವ ಜಿಲ್ಲೆಯೇ ಅಲ್ವಾ? ದ್ವೀಪದ ತೆಂಗಿನ ನಾರಿನ ಹುರಿ ಹಾಯಿದೋಣಿಯಲ್ಲಿ ಮಂಗಳೂರಿಗೆ ಬರುತ್ತಿತ್ತು, ವಾಪಸ್ ಹೋಗುವಾಗ ಅಕ್ಕಿ. 1956ರ ನವೆಂಬರ್ 1ರಂದು ಕೊಡಗು ಮೈಸೂರಿಗೆ ಸೇರಿತು. ಅವತ್ತೇ ಅಮಿನದಿವಿಯವರು ದಕ್ಷಿಣ ಕನ್ನಡದಿಂದ ಬೇರೆಯಾದರು. ಈ ನಂಟಿಗೆ ಉಳಿದಿರುವ ಗುರುತು ಆ ಹೆಸರೊಂದೇ.

ವಿರೋಧ

ನಾಡಿನ ಹೋಲಿಕೆ ಇಲ್ಲಿ ಕೂಡುವುದಿಲ್ಲ. ನಾಡಿಗೆ ದೇವರಿದೆ, ಹಬ್ಬವಿದೆ, ತಕ್ಕರೆಂಬ ಹಿರಿಯ ಮುಖ್ಯಸ್ಥರಿದ್ದಾರೆ. ಅಮಿನದಿವಿಗೂ ಲಕ್ಕದಿವಿಗೂ ನಡುವೆ ಗೆರೆ ಬಿದ್ದದ್ದು ಆಳುವವರು ಬದಲಾದಾಗ. ಉತ್ತರದ ಈ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಬಿಟ್ಟು ಟಿಪ್ಪುವಿಗೆ ಸೇರಿದವು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರು ಅವನ್ನು ಕೆನರಾಕ್ಕೆ (ದಕ್ಷಿಣ ಕನ್ನಡ ಆಗ ಇದರ ಭಾಗ) ಅಂಟಿಸಿದರು. ಉಳಿದವು ಮುಂದೆ ಮಲಬಾರಿಗೆ ಹೋದವು. ಎರಡೂ ಕಡೆಯ ಜನ ಆಡುವುದು ಮಲಯಾಳದ್ದೇ ಒಂದು ರೂಪ. ಮಾತು ನಿಜಕ್ಕೂ ಬೇರೆಯಾಗುವುದು ಮಿನಿಕಾಯ್‌ನಲ್ಲಿ. ಅಲ್ಲಿನವರದು ಮಹಲ್ ಭಾಷೆ, ಅವರ ಬಾಯಲ್ಲಿ ದ್ವೀಪದ ಹೆಸರು ಮಲಿಕು. ಆ ಹೆಸರು 1973ರ ಮುಂಚಿನ ಉದ್ದ ಪಟ್ಟಿಯಲ್ಲೂ ಇರಲಿಲ್ಲ!

ಹಳೆಯದು ಅಂತಲೇ ಉಳಿಸುವುದಾದರೆ ನಾವು ಮಡಿಕೇರಿಯನ್ನು ಮರ್ಕೇರಾ, ಕುಶಾಲನಗರವನ್ನು ಫ್ರೇಸರ್‌ಪೇಟೆ ಅಂತ ಬರೆಯಬೇಕಾಗುತ್ತದೆ. ಹೋಂಸ್ಟೇ ಬೋರ್ಡುಗಳ ‘ಕೂರ್ಗ್’ ಸಾಲದೇ?

ಹುರಿ-ಅಕ್ಕಿಯ ಕತೆ ಚೆನ್ನಾಗಿದೆ, ಚರಿತ್ರೆ ಪಿರಿಯಡ್‌ನಲ್ಲಿ ಹೇಳಲಿ. ನಕ್ಷೆಯಲ್ಲಿ ಜಾಗ ಇದ್ದರೆ ಕವರತ್ತಿ, ಕಲ್ಪೇನಿ, ಅಗತ್ತಿ ಅಂತ ಒಂದೊಂದೇ ದ್ವೀಪದ ಹೆಸರು ಬರೆಯಲಿ. ಮಿನಿಕಾಯ್ ಪಕ್ಕದಲ್ಲಿ, ಚಿಕ್ಕ ಅಕ್ಷರದಲ್ಲಾದರೂ, ಮಲಿಕು ಅಂತಲೂ ಇರಲಿ.