ವೆಂಗನ್‌ಗೆ ಕಾರು ಹೋಗುವುದಿಲ್ಲ

'ಸ್ವಿಟ್ಜರ್ಲೆಂಡ್‌ನಲ್ಲಿ ಬಾಡಿಗೆ ಕಾರಿನಲ್ಲೇ ವೆಂಗನ್‌ಗೆ ಹೋಗಿ, ಅಲ್ಲಿಂದ ಯುರೋಪಿನ ಅತಿ ಎತ್ತರದ ಶಿಖರ ಯುಂಗ್‌ಫ್ರಾವ್‌ಯೋಖ್ ನೋಡಿ' ಎಂಬ ಮೆಸೇಜ್ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ವೆಂಗನ್ ಕಾರುಗಳಿಲ್ಲದ ಊರು. ಇದನ್ನು ಅಲ್ಲಿನ ಪ್ರವಾಸೋದ್ಯಮದವರೇ ಹೇಳುತ್ತಾರೆ. ಕಾರನ್ನು ಕೆಳಗೆ ಲೌಟರ್‌ಬ್ರುನ್ನನ್‌ನಲ್ಲಿ ಬಿಟ್ಟು, ಬೆಟ್ಟ ಹತ್ತುವ ರೈಲು ಹಿಡಿಯಬೇಕು. ಸುಮಾರು ಕಾಲು ಗಂಟೆಯ ದಾರಿ, ತುಂಬಾ ಚೆಂದದ್ದು. ಆದರೆ ಲಗೇಜ್ ಜಾಸ್ತಿ ಇದ್ದವರಿಗೆ, ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇದು ಮೊದಲೇ ಗೊತ್ತಿರಬೇಕು ಅಲ್ವಾ?

ಯುಂಗ್‌ಫ್ರಾವ್‌ಯೋಖ್ ಶಿಖರವಲ್ಲ. ಯುಂಗ್‌ಫ್ರಾವ್ ಮತ್ತು ಮೋಂಖ್ ಶಿಖರಗಳ ನಡುವಿನ ತಗ್ಗು. 1912ರಲ್ಲಿ ತೆರೆದ ಅಲ್ಲಿನ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಯುರೋಪಿನಲ್ಲೇ ಎತ್ತರದ್ದು ಈ ನಿಲ್ದಾಣ. ಗೊಂದಲ ಬಹುಶಃ ಇಲ್ಲಿಂದಲೇ ಹುಟ್ಟಿರಬೇಕು. ಅತಿ ಎತ್ತರದ ಶಿಖರ ರಷ್ಯಾದ ಎಲ್‌ಬ್ರೂಸ್, 5,642 ಮೀಟರ್.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಕಳಿಸಿ.