ಪರ್ಷಿಯಾಗೆ ಹಡಗು ಕೊಟ್ಟವರು

ಪರ್ಷಿಯಾ ಸಾಮ್ರಾಜ್ಯ ಅಂದರೆ ನಮಗೆ ಕುದುರೆ, ಬಿಲ್ಲು, ಪರ್ಸೆಪೊಲಿಸ್‌ನ ಕಂಬಗಳು. ಸೈರಸ್ ಕ್ರಿ.ಪೂ. 539ರಲ್ಲಿ ಬ್ಯಾಬಿಲೋನ್ ಗೆದ್ದ, ಡೇರಿಯಸ್ ರಸ್ತೆ ಮಾಡಿಸಿದ, ಅಲ್ಲಿಗೆ ಪಾಠ ಮುಗೀತು. ಬೆಟ್ಟಗುಡ್ಡದ ಈ ಜನ ಯಾರ ಹಡಗು ಹತ್ತಿ ಮೆಡಿಟರೇನಿಯನ್‌ಗೆ ಇಳಿದರು ಅಂತ ಯಾರೂ ಕೇಳುವುದಿಲ್ಲ.

ಫಿನೀಷಿಯನ್ನರ ಹಡಗು ಹತ್ತಿ. ಟೈರ್, ಸಿಡಾನ್, ಬಿಬ್ಲೋಸ್, ಎಲ್ಲ ಈಗಿನ ಲೆಬನಾನ್ ಕರಾವಳಿಯ ಊರುಗಳು. ಬೆನ್ನಿಗೆ ಸೀಡರ್ ಮರದ ಕಾಡು, ಎದುರಿಗೆ ಸಮುದ್ರ. ಸಮುದ್ರದ ಶಂಖದಹುಳುವಿನಿಂದ ನೇರಳೆ ಬಣ್ಣ ತೆಗೆದು ಮಾರಿದವರು. ಗ್ರೀಕರು ಅಕ್ಷರ ಕಲಿತದ್ದೂ ಇವರಿಂದಲೇ.

ನನ್ನ ಪ್ರಕಾರ ಪರ್ಷಿಯಾದ ನೌಕಾಬಲ ಪೂರ್ತಿ ಎರವಲು. ಅದು ಚೆನ್ನಾಗಿ ಗೊತ್ತಿದ್ದ ರಾಜ ಸೈರಸ್‌ನ ಮಗ ಕ್ಯಾಂಬಿಸಸ್. ಕ್ರಿ.ಪೂ. 525ರಲ್ಲಿ ಈಜಿಪ್ಟ್ ಗೆದ್ದ ಮೇಲೆ ಅವನ ಕಣ್ಣು ಉತ್ತರ ಆಫ್ರಿಕಾ ಕರಾವಳಿಯ ಕಾರ್ತೇಜ್ ಮೇಲೆ ಬಿತ್ತು. ಫಿನೀಷಿಯನ್ನರು ಬರೋದಿಲ್ಲ ಅಂದುಬಿಟ್ಟರು. ಕಾರ್ತೇಜ್ ಅವರದೇ ಮಕ್ಕಳು ಕಟ್ಟಿದ ಊರು, ಆಣೆ ಪ್ರಮಾಣ ಬೇರೆ ಇತ್ತು. ಕ್ಯಾಂಬಿಸಸ್ ಸುಮ್ಮನಾದ. ಅವರು ತಾವಾಗಿ ಬಂದು ಸೇರಿಕೊಂಡವರು, ಇಡೀ ನೌಕಾಪಡೆ ನಿಂತಿದ್ದೇ ಅವರ ಮೇಲೆ ಎಂಬ ಕಾರಣವನ್ನೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೊಡುತ್ತಾನೆ. ಇದೇ ಹೆರೊಡೋಟಸ್ ಕ್ಯಾಂಬಿಸಸ್‌ನನ್ನು ಹುಚ್ಚ ಅಂತ ಬರೆದವನು!

ನನಗೆ ಜಾಸ್ತಿ ಇಷ್ಟವಾದ ಕಥೆ ಉತ್ತರ ಗ್ರೀಸ್‌ನ ಅಥೋಸ್ ಕಾಲುವೆಯದು. ಕ್ರಿ.ಪೂ. 492ರಲ್ಲಿ ಅಲ್ಲಿನ ಬಿರುಗಾಳಿಗೆ ಪರ್ಷಿಯಾದ ಹಡಗುಗಳು ಬಂಡೆಗೆ ಬಡಿದು ಚೂರಾಗಿದ್ದವು. ಹಾಗಾಗಿ ಡೇರಿಯಸ್‌ನ ಮಗ, ಮುಂದಿನ ರಾಜ ಕ್ಸರ್ಕ್ಸಿಸ್ ಅಲ್ಲಿನ ಕಿರಿದಾದ ನೆಲವನ್ನೇ ಸೀಳಿ, ಸುಮಾರು ಎರಡು ಕಿಲೋಮೀಟರ್ ಕಾಲುವೆ ತೋಡಿಸಿದ. ಒಂದೊಂದು ಜನಾಂಗಕ್ಕೆ ಒಂದೊಂದು ಪಾಲು. ಎಲ್ಲರೂ ಮೇಲೆ ಎಷ್ಟು ಅಗಲವೋ ಕೆಳಗೂ ಅಷ್ಟೇ ಅಗಲ ಅಂತ ನೆಟ್ಟಗೆ ತೋಡಿದರು. ಮಗ್ಗುಲು ಕುಸಿಯಿತು, ಕೆಲಸ ಇಮ್ಮಡಿಯಾಯಿತು. ಫಿನೀಷಿಯನ್ನರು ಮಾತ್ರ ಮೇಲೆ ದುಪ್ಪಟ್ಟು ಅಗಲ ತೆಗೆದು, ಕೆಳಗೆ ಹೋದ ಹಾಗೆ ಕಿರಿದು ಮಾಡುತ್ತ ಬಂದರು. (ನಮ್ಮ ಮನೆಯ ಸಂಪು ನೆಟ್ಟಗೆ ತೋಡಿಸಿ, ಒಂದೇ ಮಳೆಗೆ ಮಣ್ಣು ಕುಸಿದು, ಎರಡು ಸಲ ಕೂಲಿ ಕೊಟ್ಟವನು ನಾನು. ಓದುವಾಗ ಹೊಟ್ಟೆ ಉರಿಯಿತು.)

ಇಂಥ ಜನರನ್ನು ಹೇಗೆ ನೋಡಿಕೊಳ್ಳಬೇಕಿತ್ತು ಹೇಳಿ? ಕ್ರಿ.ಪೂ. 480ರಲ್ಲಿ ಅಥೆನ್ಸ್ ಹತ್ತಿರದ ಸಲಾಮಿಸ್ ಕಡಲಲ್ಲಿ ಗ್ರೀಕರ ಎದುರಿನ ಯುದ್ಧ ಕೈಕೊಡುತ್ತಿತ್ತು. ಹಡಗು ಕಳೆದುಕೊಂಡ ಕೆಲವು ಫಿನೀಷಿಯನ್ನರು ಕ್ಸರ್ಕ್ಸಿಸ್ ಹತ್ತಿರ ಬಂದು, ಅಯೋನಿಯನ್ನರು (ಪರ್ಷಿಯಾದ ಪರ ಕಾದುತ್ತಿದ್ದ ಗ್ರೀಕರು) ಮೋಸ ಮಾಡಿದರು ಅಂತ ದೂರಿದರು. ಅಷ್ಟರಲ್ಲಿ ಅವನ ಕಣ್ಣೆದುರೇ ಅಯೋನಿಯನ್ನರ ಕಡೆಯ ಹಡಗೊಂದು ಚೆನ್ನಾಗಿ ಕಾದಾಡಿತು. ಸಿಟ್ಟು ನೆತ್ತಿಗೇರಿ, ದೂರು ತಂದವರ ತಲೆ ತೆಗೆಸಿದ. ಕ್ಯಾಂಬಿಸಸ್ ಈ ಕ್ಸರ್ಕ್ಸಿಸ್‌ಗೆ ಸೋದರಮಾವ. ಮಾವನಿಗೆ ಹೊಳೆದದ್ದು ಅಳಿಯನಿಗೆ ಹೊಳೆಯಲಿಲ್ಲ ನೋಡಿ.

ಉಳಿದ ಫಿನೀಷಿಯನ್ನರು ಕತ್ತಲಾಗುವುದನ್ನೇ ಕಾದು ಹಡಗು ಬಿಚ್ಚಿಕೊಂಡು ಏಷ್ಯಾದ ಕಡೆ ಹೊರಟುಬಿಟ್ಟರು ಅಂತ ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆಯುತ್ತಾನೆ.